ಹೊಲಿಗೆ ಯಂತ್ರ ಸಾಕು, ಇನ್ನು ಟೆಸ್ಟರ್ ಕೊಡಿ

ನಮಸ್ಕಾರ. ಜೈಲಿನ ಹೆಣ್ಣುಮಕ್ಕಳಿಗೆ ತರಬೇತಿ ಅಂದ ಕೂಡಲೇ ನಮ್ಮಲ್ಲಿ ಹೊಲಿಗೆ ಯಂತ್ರ ಬಂದು ಕೂರುತ್ತೆ. ಅದರ ಹಿಂದೆ ಕಸೂತಿ, ಅಗರಬತ್ತಿ, ಹಪ್ಪಳ. ಫೋಟೊಗೇನೋ ಚೆನ್ನಾಗಿರುತ್ತೆ. ಬಿಡುಗಡೆ ಆದ ಮೇಲೆ? ಬೀದಿಗೆರಡು ಟೈಲರ್ ಅಂಗಡಿ ಇರೋ ಊರಲ್ಲಿ, ಒಳಗಿದ್ದು ಬಂದವರ ಹತ್ರ ಬ್ಲೌಸ್ ಹೊಲಿಸೋಕೆ ಯಾರು ಹೋಗ್ತಾರೆ?

ವೈರಿಂಗ್, ಪ್ಲಂಬಿಂಗ್, ವೆಲ್ಡಿಂಗ್ ಕಲಿಸಿ ಅನ್ನೋದು ನನ್ನ ವಾದ. ಮೋಲ್ಡ್ ಹಾಕೋ ದಿನ ಸೈಟಲ್ಲಿ ಮೇಸ್ತ್ರಿ ಯಾರ ಹಿನ್ನೆಲೆಯನ್ನೂ ವಿಚಾರಿಸ್ತಾ ಕೂರಲ್ಲ. ಕಾಂಕ್ರೀಟ್ ಬೀಳೋದರೊಳಗೆ ಪೈಪ್ ಕೂತಿರಬೇಕು, ಅಷ್ಟೆ.

ಆದರೆ ಕಲಿಸೋ ರೀತಿ ಬೇರೆ ಆಗ್ಬೇಕು. ನಮ್ಮ ದೇಶದ ಜೈಲುಗಳಲ್ಲಿರೋರಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ವಿಚಾರಣಾಧೀನರು. ಜಾಮೀನು ನಾಳೆಯೂ ಸಿಗಬಹುದು, ಎರಡು ವರ್ಷ ಆದರೂ ಸಿಗದೆ ಇರಬಹುದು. ಆರು ತಿಂಗಳ ಕೋರ್ಸನ್ನ ನಾಲ್ಕನೇ ತಿಂಗಳಿಗೆ ಬಿಟ್ಟು ಹೋದವರ ಕೈಲಿ ಒಂದು ಚೀಟಿಯೂ ಇರಲ್ಲ. ಅದಕ್ಕೇ ಎರಡೆರಡು ವಾರದ ತುಂಡು ಪಾಠ ಮಾಡಿ, ಪ್ರತಿ ತುಂಡಿಗೂ ಪರೀಕ್ಷೆ ಇಟ್ಟು, ಅವತ್ತೇ ಪ್ರಮಾಣಪತ್ರ ಕೊಡಬೇಕು. ಆ ಪತ್ರದ ಮೇಲೆ ಐಟಿಐ ಹೆಸರಿರಲಿ, ಕಾರಾಗೃಹದ ಹೆಸರು ಬೇಡ. ಇಲ್ಲಾಂದ್ರೆ ಅದನ್ನ ಯಾರಿಗೂ ತೋರಿಸೋಕಾಗಲ್ಲ.

ಜೊತೆಗೆ ಓದು. ಐಟಿಐನಲ್ಲಿ ವೈರ್‌ಮನ್, ವೆಲ್ಡರ್ ಟ್ರೇಡಿಗೆ ಎಂಟನೇ ಕ್ಲಾಸ್ ಸಾಕು, ಎಲೆಕ್ಟ್ರಿಷಿಯನ್‌ಗೆ ಹತ್ತನೇದು ಬೇಕು. ಶಾಲೆ ಬಿಟ್ಟವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ 'ಸಿ' ಹಂತದ ಪರೀಕ್ಷೆ ಎಂಟನೇ ಕ್ಲಾಸಿಗೆ ಸಮ. ಅದನ್ನ ಒಳಗಿರುವಾಗಲೇ ಬರೆಸಿಬಿಡಿ. ಹೊರಗೆ ಬಂದ ಮೇಲೆ ಮನೆ, ಮಕ್ಕಳು, ಕೋರ್ಟು. ಪುಸ್ತಕ ಹಿಡಿಯೋಕೆ ಪುರುಸೊತ್ತು ಎಲ್ಲಿ?

'ಜೈಲೊಳಗೆ ಕಟಿಂಗ್ ಪ್ಲೇಯರ್ ಬಿಡ್ತಾರಾ' ಅಂತ ಕೇಳ್ತೀರಿ. ಒಂದು ಹಲಗೆಗೆ ಮೊಳೆ ಹೊಡೆದು ಉಪಕರಣ ನೇತುಹಾಕಿ, ಪ್ರತಿಯೊಂದರ ಆಕಾರವನ್ನೂ ಹಿಂದೆ ಕೆಂಪು ಬಣ್ಣದಲ್ಲಿ ಬರೆದಿಡಿ. ಒಂದು ಸ್ಕ್ರೂಡ್ರೈವರ್ ವಾಪಸ್ ಬಂದಿಲ್ಲ ಅಂದ್ರೆ ಕೆಂಪು ಗುರುತು ಬಾಗಿಲಿಂದಲೇ ಕಾಣುತ್ತೆ.

ಅಭ್ಯಾಸಕ್ಕೆ ನಾಲ್ಕಡಿ ಪ್ಲೈವುಡ್ ಸಾಕು. ಅದರ ಮೇಲೆ ಒಂದು ಎಂಸಿಬಿ (ಕರೆಂಟ್ ಮಿತಿ ಮೀರಿದ್ರೆ ತಾನೇ ಆಫ್ ಆಗೋ ಸ್ವಿಚ್), ಎರಡು ಸ್ವಿಚ್, ಒಂದು ಹೋಲ್ಡರ್, ಒಂದು ಸಾಕೆಟ್. ಲೈಟಿಗೆ 1.5 ಚದರ ಮಿ.ಮೀ. ವೈರ್, ಪವರ್ ಸಾಕೆಟ್ಟಿಗೆ 2.5, ಗೀಸರ್‌ಗೆ 4. ಮೊದಲ ವಾರ ಬರೀ ವೈರಿನ ಸಿಪ್ಪೆ ಸುಲಿಸಿ. ಬ್ಲೇಡ್ ಆಳಕ್ಕೆ ಹೋಗಿ ನಾಲ್ಕು ಎಳೆ ತುಂಡಾದರೆ ಅಥವಾ ಸ್ಕ್ರೂ ಸಡಿಲ ಉಳಿದರೆ, ಅವತ್ತು ಏನೂ ಆಗಲ್ಲ. ಆರು ತಿಂಗಳಿಗೆ ಟರ್ಮಿನಲ್ ಬಿಸಿಯಾಗಿ ಸಾಕೆಟ್ ಕಪ್ಪಗಾಗುತ್ತೆ.

ಹೊಸಬರು ಬಿದ್ದೇ ಬೀಳೋ ಗುಂಡಿ ಇನ್ನೊಂದಿದೆ. ಸ್ವಿಚ್ಚನ್ನ ಫೇಸ್ (ಕರೆಂಟ್ ಬರೋ ವೈರ್) ಬದಲು ನ್ಯೂಟ್ರಲ್ (ಅದು ವಾಪಸ್ ಹೋಗೋ ವೈರ್) ಮೇಲೆ ಹಾಕಿದ್ರೂ ಬಲ್ಬ್ ಹತ್ತುತ್ತೆ, ಆರುತ್ತೆ, ಎಲ್ಲ ಸರಿ ಅನ್ಸುತ್ತೆ. ಆದ್ರೆ ಆರಿಸಿದ ಮೇಲೂ ಹೋಲ್ಡರಲ್ಲಿ 230 ವೋಲ್ಟ್ ಇರುತ್ತೆ. ಎಲ್‌ಇಡಿ ಬಲ್ಬ್ ಕೆಲವು ಸಲ ಮಂಕಾಗಿ ಮಿನುಗ್ತಾನೇ ಇರುತ್ತೆ. ಬಲ್ಬ್ ಬದಲಾಯಿಸೋಕೆ ಕೈ ಹಾಕಿದವರಿಗೆ ಶಾಕ್. ಈ ತಪ್ಪನ್ನ ಬೇಕಂತಲೇ ಮಾಡಿಟ್ಟು 'ಹುಡುಕಿ' ಅಂತ ಟೆಸ್ಟರ್ ಕೊಡಬೇಕು.

ಇನ್ನು ಲೈಸೆನ್ಸ್. ವೈರಿಂಗನ್ನ ಸ್ವಂತವಾಗಿ ವಹಿಸಿಕೊಂಡು ಮಾಡೋಕೆ ಕಾನೂನು ಬಿಡಲ್ಲ, ಲೈಸೆನ್ಸ್ ಇರೋ ಗುತ್ತಿಗೆದಾರರ ಕೆಳಗೇ ಶುರುಮಾಡಬೇಕು. ಹಾಗಾಗಿ ಬಿಡುಗಡೆಗೆ ಮುಂಚೆ ಅಂಥ ಒಬ್ಬರನ್ನ ಗೊತ್ತುಮಾಡಿರಬೇಕು. ಅವರ ಹತ್ರ ಎರಡೇ ಮಾತು: ಕೂಲಿ ವಾರಕ್ಕೊಮ್ಮೆ ಆಕೆಯ ಅಕೌಂಟಿಗೇ ಹೋಗಬೇಕು, ಸೈಟಲ್ಲಿ ಬಾಗಿಲಿರೋ ಶೌಚಾಲಯ ಇರಬೇಕು. ಎರಡನೇದು ಇಲ್ಲದೆ ಕೆಲಸ ಬಿಟ್ಟವರನ್ನ 'ಹೆಂಗಸರಿಗೆ ತಾಳ್ಮೆ ಇಲ್ಲ' ಅಂತ ಬರೆದುಕೊಳ್ತಾರೆ, ಅದೊಂದು ತಮಾಷೆ.

ಟೂಲ್‌ಕಿಟ್ ಸಾಲದ ಮೇಲೆ ಬೇಡ, ಗೇಟಲ್ಲೇ ಉಚಿತವಾಗಿ ಕೊಡಿ. ಸಾಂಪ್ರದಾಯಿಕ ಕುಶಲಕರ್ಮಿಗಳಿಗಾಗಿ ಕೇಂದ್ರ ಸರ್ಕಾರ ನಡೆಸೋ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 15,000 ರೂಪಾಯಿವರೆಗಿನ ಟೂಲ್‌ಕಿಟ್ ವೋಚರ್ ಇದೆ, ಆದರೆ ಅದರ 18 ಕಸುಬುಗಳಲ್ಲಿ ಗಾರೆ ಕೆಲಸ, ಬಡಗಿ, ಕಮ್ಮಾರಿಕೆ ಇವೆ, ಎಲೆಕ್ಟ್ರಿಷಿಯನ್, ಪ್ಲಂಬರ್ ಇಲ್ಲ. ಈ ಇಬ್ಬರಿಗೆ ತರಬೇತಿ ಕೊಟ್ಟ ಸಂಸ್ಥೆಗಳೇ ಕೊಡಬೇಕಾಗುತ್ತೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿಗೆ ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ ಪುರಾವೆ ಬೇಕು. ಮೊದಲ ದಿನದಿಂದಲೇ ನೋಟ್‌ಬುಕ್ಕಲ್ಲಿ ತಾರೀಕು, ಸೈಟು, ಗುತ್ತಿಗೆದಾರರ ಸಹಿ ಹಾಕಿಸ್ಕೋಬೇಕು.

ಕೊನೇದಾಗಿ ಕೋರ್ಟ್ ತಾರೀಕು. ಜಾಮೀನಿನ ಮೇಲೆ ಹೊರಗಿರೋರು ತಿಂಗಳಿಗೊಂದು ಸಲ ಹಾಜರಾಗಬೇಕು ಅಂದ್ರೆ ಕೂಲಿ ಹೋಯ್ತು, ಎರಡು ಸಲ ಅಂದ್ರೆ ಕೆಲಸವೇ ಹೋಯ್ತು. ಖುದ್ದು ಹಾಜರಾತಿಯಿಂದ ವಿನಾಯಿತಿ ಕೋರಿ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 355ನೇ ಕಲಂ ಅಡಿ ವಕೀಲರು ಅರ್ಜಿ ಹಾಕಬಹುದು. ಆದಾಯ ಎಷ್ಟೇ ಇದ್ದರೂ ಮಹಿಳೆಯರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ. ತರಬೇತಿ ಕೊಟ್ಟ ಸಂಸ್ಥೆಯವರು ಆ ತಾರೀಕುಗಳನ್ನ ತಮ್ಮ ಕ್ಯಾಲೆಂಡರಲ್ಲಿ ಗುರುತು ಹಾಕ್ಕೊಂಡು, ವಾರ ಮುಂಚೆ ವಕೀಲರಿಗೊಂದು ಫೋನು, ಗುತ್ತಿಗೆದಾರರಿಗೊಂದು ಫೋನು ಮಾಡಬೇಕು.