ಕಬ್ಬಿಣ ಹೊರುವ ಬ್ಯಾಕ್ಟೀರಿಯಾ: ಮೊದಲು ಲೆಕ್ಕ ನೋಡೋಣ

ಮಂಜೇಶ್ವರ, ಕುಂಬಳೆ, ಬದಿಯಡ್ಕದಲ್ಲಿ ಕೂತು ಇದನ್ನು ಕೇಳುವವರಲ್ಲಿ ಥಲಸ್ಸೀಮಿಯಾ (ಹುಟ್ಟಿನಿಂದಲೇ ಹೀಮೋಗ್ಲೋಬಿನ್ ಸರಿಯಾಗಿ ತಯಾರಾಗದ ಕಾಯಿಲೆ) ಇರುವ ಮಕ್ಕಳ ಅಪ್ಪ-ಅಮ್ಮಂದಿರೂ ಇರಬಹುದು, ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಲು ಮಂಗಳೂರಿಗೆ ಓಡುವವರು. ಅವರಿಗೆ ಮೊದಲೇ ಹೇಳಿಬಿಡುತ್ತೇನೆ: ಊಟದ ಕಬ್ಬಿಣವನ್ನು ಕರುಳಲ್ಲೇ ಹಿಡಿದಿಡುವಂತೆ ಬ್ಯಾಕ್ಟೀರಿಯಾ ತಿದ್ದಿ ಮೈಯ ಕಬ್ಬಿಣ ಇಳಿಸುತ್ತಾರಂತೆ ಎಂಬ ಸುದ್ದಿ ಕೇಳಿ, ಕಬ್ಬಿಣ ಇಳಿಸುವ ಮಾತ್ರೆ ನಿಲ್ಲಿಸಬೇಡಿ.

ಒಂದು ಯೂನಿಟ್ ರಕ್ತದಲ್ಲಿ 200ರಿಂದ 250 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಊಟದಿಂದ ಮೈಗೆ ಸೇರುವುದು ದಿನಕ್ಕೆ 1-2 ಮಿಲಿಗ್ರಾಂ. ಮಿಕ್ಕಿದ್ದನ್ನು ಹೊರಹಾಕುವ ದಾರಿ ದೇಹಕ್ಕಿಲ್ಲ. ರಕ್ತನಾಳದಲ್ಲಿ ಇಳಿದದ್ದನ್ನು ಕರುಳಲ್ಲಿ ಕೂತ ಜೀವಿ ತಡೆಯುವುದಾದರೂ ಹೇಗೆ? ಈ ಬ್ಯಾಕ್ಟೀರಿಯಾ ಉಪಾಯ ಒದಗಿದರೆ ಹೀಮೋಕ್ರೊಮಟೋಸಿಸ್ (ಊಟದ ಕಬ್ಬಿಣವನ್ನು ಮೈ ಅತಿಯಾಗಿ ಹೀರುವ ವಂಶಪಾರಂಪರ್ಯ ಕಾಯಿಲೆ) ಇರುವವರಿಗೆ, ರಕ್ತ ಅಪರೂಪಕ್ಕೆ ಬೇಕಾಗುವ ಥಲಸ್ಸೀಮಿಯಾ ಇಂಟರ್ಮೀಡಿಯಾದವರಿಗೆ. ಅವರಲ್ಲಿ ಹೆಪ್ಸಿಡಿನ್, ಅಂದರೆ ಕಬ್ಬಿಣ ಹೀರುವುದಕ್ಕೆ ಕಡಿವಾಣ ಹಾಕುವ ಹಾರ್ಮೋನು, ಕಡಿಮೆ, ಹಾಗಾಗಿ ಕರುಳು ಬೇಡವೆಂದರೂ ಹೀರುತ್ತಲೇ ಇರುತ್ತದೆ.

ಸರಿ, ಬ್ಯಾಕ್ಟೀರಿಯಾ ಎಷ್ಟು ಹೊತ್ತೀತು? ಕರುಳಲ್ಲಿ ವಾಸಿಸುವ ಇ. ಕೋಲೈ ಬ್ಯಾಕ್ಟೀರಿಯಾದ ಒಂದು ಕೋಶದಲ್ಲಿ ಹೆಚ್ಚೆಂದರೆ 10 ಲಕ್ಷ ಕಬ್ಬಿಣದ ಪರಮಾಣು ಎಂದಿಟ್ಟುಕೊಳ್ಳಿ. 10,000 ಕೋಟಿ ಕೋಶ ನುಂಗಿದರೂ ಹಿಡಿಯುವುದು ಸುಮಾರು 9 ಮೈಕ್ರೋಗ್ರಾಂ. ಒಂದು ಮಿಲಿಗ್ರಾಂಗೆ ಅಂಥ ನೂರಕ್ಕೂ ಹೆಚ್ಚು ಡೋಸ್! ಒಳಗೆ ತುಂಬಿಸಿಕೊಳ್ಳುವ ಯೋಜನೆ ಇಲ್ಲೇ ಬಿತ್ತು. ಸಿಡೆರೊಫೋರ್, ಅಂದರೆ ಕಬ್ಬಿಣ ಕಚ್ಚಿ ಹಿಡಿಯುವ ಅಣುವನ್ನು, ಹೊರಗೆ ಸುರಿಯಬೇಕು. ಇ. ಕೋಲೈಯದೇ ಸಿಡೆರೊಫೋರ್ ಆದ ಎಂಟರೊಬ್ಯಾಕ್ಟಿನ್ ಆದರೆ ಒಂದು ಮಿಲಿಗ್ರಾಂ ಕಬ್ಬಿಣಕ್ಕೆ 12 ಮಿಲಿಗ್ರಾಂ.

ಪ್ರೊಬಯಾಟಿಕ್ (ಆರೋಗ್ಯಕ್ಕೆಂದು ನುಂಗುವ ಬ್ಯಾಕ್ಟೀರಿಯಾ) ಆಗಿ ಹಳೆಯದಾದ, ಇ. ಕೋಲೈಯ ನಿಸ್ಲೆ 1917 ತಳಿ ಇದನ್ನು ತಾನೇ ಮಾಡುತ್ತದೆ. ಆದರೆ ಕಬ್ಬಿಣ ಹೆಚ್ಚಿದ ಕೂಡಲೇ ಫರ್ ಎಂಬ ಪ್ರೋಟೀನು ಆ ಜೀನುಗಳನ್ನು ಮುಚ್ಚಿಬಿಡುತ್ತದೆ. ಬೇಕಾದಾಗಲೇ ಬಾಗಿಲು ಬಂದ್! ಹಾಗಾಗಿ ಫರ್‌ಗೆ ಜಗ್ಗದ ಬೇರೆ ಪ್ರೊಮೋಟರ್ (ಜೀನಿನ ಸ್ವಿಚ್ಚು) ಕೂರಿಸಬೇಕು. ಅದೂ ಬ್ಯಾಕ್ಟೀರಿಯಾದ ಮುಖ್ಯ ಡಿಎನ್‌ಎ ಆದ ಕ್ರೋಮೋಸೋಮಿಗೇ, ಪ್ಲಾಸ್ಮಿಡ್ ಎಂಬ ಬಿಡಿ ಡಿಎನ್‌ಎ ಉಂಗುರದಲ್ಲಿಟ್ಟರೆ ಭಾರವೆಂದು ಕಳಚಿ ಹಾಕುತ್ತದೆ. ಇಷ್ಟಾದರೂ ಇ. ಕೋಲೈ ನೆಲೆಸುವುದು ದೊಡ್ಡ ಕರುಳಲ್ಲಿ, ಕಬ್ಬಿಣ ಹೀರುವುದು ಹೊಟ್ಟೆ ದಾಟಿದ ಕೂಡಲೇ ಸಿಗುವ ಡುಯೋಡಿನಂನಲ್ಲಿ. ಬಸ್ಸು ಹೋದ ಮೇಲೆ ಸ್ಟ್ಯಾಂಡಿಗೆ ಬಂದಂತೆ.

ನನಗೆ ಹೆಚ್ಚು ಅಳುಕು ಇರುವುದು ಕಳ್ಳತನದ ಬಗ್ಗೆ. ಮೈಯ ಕಬ್ಬಿಣ ಇಳಿಸಲು ಕೊಡುವ ಡೆಫೆರೊಕ್ಸಮೀನ್ ಇಂಜೆಕ್ಷನ್ ಮೂಲದಲ್ಲಿ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾದ ಸಿಡೆರೊಫೋರ್. ಅದು ಹಿಡಿದ ಕಬ್ಬಿಣವನ್ನು ಯೆರ್ಸಿನಿಯಾ ಎಂಬ ರೋಗಕಾರಕ ಬ್ಯಾಕ್ಟೀರಿಯಾ ಕಸಿದು ಬೆಳೆದು ಸೋಂಕು ತಂದದ್ದುಂಟು. ಎಂಟರೊಬ್ಯಾಕ್ಟಿನ್ ಹುಳುವಿನ ಕೋಶಗಳಿಗೆ ಕಬ್ಬಿಣ ಸೇರಲು ನೆರವಾಗುತ್ತದೆಂದು 2018ರಲ್ಲಿ ಕೊಲರಾಡೊದವರು ತೋರಿಸಿದ್ದಾರೆ. ತಡೆಯಲು ಇಟ್ಟವನೇ ಒಳಗೆ ಸಾಗಿಸಿದರೆ?

ನಾನಾದರೆ ಮಿಷಿಗನ್‌ನವರ 2020ರ ದಾರಿಯತ್ತ ವಾಲುತ್ತೇನೆ. ಲ್ಯಾಕ್ಟೊಬ್ಯಾಸಿಲಸ್ ರೂಟೆರಿ ಎಂಬ ಕರುಳಿನ ಬ್ಯಾಕ್ಟೀರಿಯಾ ತಯಾರಿಸುವ ರೂಟೆರಿನ್, ಕಬ್ಬಿಣ ಹೀರುವ ಜೀನುಗಳನ್ನು ಚಾಲೂ ಮಾಡುವ ಕರುಳಿನ ಎಚ್‌ಐಎಫ್-2 ಆಲ್ಫಾ ಪ್ರೋಟೀನನ್ನು ಅಡಗಿಸಿ ಹೀರುವಿಕೆಯನ್ನೇ ಇಳಿಸುತ್ತದೆ. ಒಂದೊಂದು ಪರಮಾಣುವನ್ನೂ ಹೊರುವ ಗೋಜಿಲ್ಲ. ಆದರೆ ಇದು ಇಲಿಗಳ ಮಟ್ಟದ ಮಾತು.

ಇಂಟರ್ಮೀಡಿಯಾದವರಿಗೆ ಇವತ್ತೇ ಆಗುವ ಕೆಲಸ: ಊಟದ ಜೊತೆ ಲಿಂಬೆ ಶರಬತ್ತಿನ ಬದಲು ಹಾಲಿಲ್ಲದ ಕಟ್ಟಂಚಾಯ, ಹುಳಿ ಸಾರಿಗೆ ಕಬ್ಬಿಣದ ಬಾಣಲೆ ಬೇಡ. ಮೈಯಲ್ಲಿ ಕಬ್ಬಿಣ ಹೆಚ್ಚಿರುವ ಯಾರಿಗೂ ಅರೆಬೆಂದ ಮರುವಾಯಿ (ಚಿಪ್ಪು) ಬೇಡ. ಅದರಲ್ಲಿರಬಹುದಾದ ವಿಬ್ರಿಯೊ ವಲ್ನಿಫಿಕಸ್ ಎಂಬ ಅಪಾಯಕಾರಿ ಬ್ಯಾಕ್ಟೀರಿಯಾಕ್ಕೂ ಕಬ್ಬಿಣವೆಂದರೆ ಹಬ್ಬ.