ಒಂದು ಮಾವಿನ ಮರ, ನಾಲ್ಕು ತಳಿ

ಕೇಳುಗರಿಗೆ ನಮಸ್ಕಾರ. 30×40ರ ನಿವೇಶನದಲ್ಲಿ ಮನೆ ಎದ್ದ ಮೇಲೆ ಉಳಿಯುವುದು ಒಂದು ಮಾವಿನ ಗಿಡಕ್ಕಾಗುವಷ್ಟು ಜಾಗ. ಆ ಒಂದರಲ್ಲೇ ಬಾದಾಮಿ, ರಸಪುರಿ, ಮಲ್ಲಿಕಾ, ನೀಲಂ ನಾಲ್ಕನ್ನೂ ಕಸಿ ಕಟ್ಟಬಹುದು. ಉತ್ತರ ಪ್ರದೇಶದ ಮಲೀಹಾಬಾದಿನ ಕಲೀಮುಲ್ಲಾ ಖಾನ್ ಒಂದೇ ಮರದಲ್ಲಿ ಸುಮಾರು 300 ತಳಿ ಕೂಡಿಸಿದ್ದಾರೆ. 2008ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮನೆಯಂಗಳಕ್ಕೆ ನಾಲ್ಕೇ ಸಾಕು.

ಮಳೆಗಾಲದ ಜೂನ್–ಆಗಸ್ಟ್ ಕಸಿಗೆ ಹದವಾದ ಕಾಲ, ಗಾಳಿಯಲ್ಲಿ ತೇವವಿದ್ದರೆ ಕಸಿಗೆ ಕಟ್ಟುವ ಕಡ್ಡಿ ಬೇಗ ಒಣಗದು. ಬೇಕಾದ ತಳಿಯ ಮರದಲ್ಲಿ ಹೂ ಬಿಡದ, ಮೂರು-ನಾಲ್ಕು ತಿಂಗಳು ಬಲಿತ, ಪೆನ್ಸಿಲ್ ದಪ್ಪದ ತುದಿಯನ್ನು ಕಡ್ಡಿಗೆ ಆರಿಸಿ. ಕತ್ತರಿಸುವ ವಾರದ ಮುಂಚೆ, ತೊಟ್ಟು ಉಳಿಸಿ ಎಲೆಗಳನ್ನಷ್ಟೇ ಸವರಿ. ತೊಟ್ಟು ತಾನಾಗಿ ಉದುರಿ ತುದಿಮೊಗ್ಗು ಉಬ್ಬಿದಾಗ ಕಡ್ಡಿ ಸಿದ್ಧ. ನಿಮ್ಮ ಗಿಡದ ನಾಲ್ಕು ದಿಕ್ಕಿಗೆ ಹರಡಿದ ಕೊಂಬೆಗಳಲ್ಲಿ ಅಷ್ಟೇ ದಪ್ಪದ ಹೊಸ ಚಿಗುರಿನ ತುದಿ ತೆಗೆದು, ನಡುವೆ ಒಂದೂವರೆ ಅಂಗುಲ ಸೀಳಿ. ಕಡ್ಡಿಯ ಬುಡವನ್ನು ಎರಡೂ ಕಡೆ ಅಷ್ಟೇ ಉದ್ದಕ್ಕೆ ಬೆಣೆಯಂತೆ ಹೆರೆದು ಕೂರಿಸಿ. ದಪ್ಪ ಹೊಂದದಿದ್ದರೆ ಒಂದು ಬದಿಯ ತೊಗಟೆಯಾದರೂ ಅಂಚಿಗೆ ಅಂಚು ಸೇರಲೇಬೇಕು. ಬೆಸುಗೆ ಹಾಕುವ ಹಸಿ ಪದರ ಇರುವುದು ತೊಗಟೆಯ ಒಳಮಗ್ಗುಲಲ್ಲಿ. ಪಾಲಿಥೀನ್ ಪಟ್ಟಿಯನ್ನು ಬಿಗಿಯಾಗಿ ಸುತ್ತಿ, ಕಡ್ಡಿಗೆ ಸಣ್ಣ ಪ್ಲಾಸ್ಟಿಕ್ ಚೀಲ ತೊಡಿಸಿ.

ಮೂರು ವಾರದ ಹೊತ್ತಿಗೆ ಚಿಗುರು ಕಾಣುತ್ತದೆ, ಆಗ ಚೀಲ ತೆಗೆಯಿರಿ. ಕಡ್ಡಿ ಕಪ್ಪಾದರೆ ಸೀಳಿಗೆ ನೀರು ಇಳಿದಿದೆ ಅಥವಾ ಕಟ್ಟು ಸಡಿಲವಿದೆ ಎಂದರ್ಥ. ಕೆಳಗೆ ಹಸಿರು ಭಾಗಕ್ಕೆ ಕತ್ತರಿಸಿ ಮತ್ತೆ ಕಟ್ಟಿ. ಬೆಸುಗೆ ಗಟ್ಟಿಯಾದ ಮೇಲೂ ಪಟ್ಟಿ ಬಿಚ್ಚದೆ ಬಿಟ್ಟರೆ ಅದು ತೊಗಟೆಯೊಳಗೆ ಹೂತು, ಗಾಳಿ ಬಂದಾಗ ಕೊಂಬೆ ಅಲ್ಲೇ ಮುರಿಯುತ್ತದೆ. ಕಸಿಯ ಕೆಳಗೆ ಹೊಡೆಯುವ ಚಿಗುರುಗಳನ್ನು ಕಂಡ ಕೂಡಲೇ ಚಿವುಟಿ.

ಕಟ್ಟುವುದಕ್ಕಿಂತ ಕಷ್ಟದ ಕೆಲಸ ಆಮೇಲಿನದು. ಬಾದಾಮಿ ಭರದಿಂದ ಬೆಳೆಯುವ ತಳಿ, ನೀಲಂ ನಿಧಾನ. ಸುಮ್ಮನೆ ಬಿಟ್ಟರೆ ಕೆಲವೇ ವರ್ಷಗಳಲ್ಲಿ ಬಾದಾಮಿ ನೆತ್ತಿಯನ್ನೆಲ್ಲ ಆವರಿಸಿ ನೀಲಂ ನೆರಳಲ್ಲಿ ಸೊರಗುತ್ತದೆ. ಆದ್ದರಿಂದ ನೀಲಂ ಅನ್ನು ಬಿಸಿಲು ಚೆನ್ನಾಗಿ ಬೀಳುವ ದಕ್ಷಿಣದ ಕೊಂಬೆಗೆ, ಬಾದಾಮಿಯನ್ನು ಕೆಳಗಿನ ಅಡ್ಡ ಕೊಂಬೆಗೆ ಕಟ್ಟಿ. ಪ್ರತಿ ಕೊಯ್ಲಿನ ನಂತರ ಬಾದಾಮಿಯನ್ನು ಮುಲಾಜಿಲ್ಲದೆ ಸವರಿ, ಗಾಯಕ್ಕೆ ಬೋರ್ಡೋ ಮುಲಾಮು (ಮೈಲುತುತ್ತ, ಸುಣ್ಣ ಕಲಸಿದ್ದು) ಹಚ್ಚಿ. ಸವರುವವರಿಗೆ ತಳಿ ಗೊತ್ತಾಗಲು ಕೊಂಬೆಗೊಂದು ಅಲ್ಯೂಮಿನಿಯಂ ಚೀಟಿ ಸಡಿಲವಾಗಿ ಕಟ್ಟಿರಿ.

ಬಾದಾಮಿ ಒಂದು ವರ್ಷ ಬಿಟ್ಟು ಒಂದು ವರ್ಷ ಫಸಲು ಕೊಡುವ ತಳಿ. ಪ್ರತಿವರ್ಷ ಫಸಲು ಬರಲೆಂದು ಬುಡಕ್ಕೆ ಕಲ್ಟಾರ್ (ಬೆಳವಣಿಗೆ ತಗ್ಗಿಸಿ ಹೂ ಬರಿಸುವ ಔಷಧಿ) ಸುರಿಯಬೇಡಿ: ಬೇರಿನಿಂದ ಏರುವ ಆ ಔಷಧಿ ನಾಲ್ಕೂ ತಳಿಗಳ ಬೆಳವಣಿಗೆಯನ್ನು ತಡೆಯುತ್ತದೆ, ಮೊದಲೇ ನಿಧಾನವಾದ ನೀಲಂ ಇನ್ನಷ್ಟು ಕುಗ್ಗುತ್ತದೆ. ಬಾದಾಮಿ ಕೈಕೊಟ್ಟ ವರ್ಷವೂ ಜೂನ್–ಜುಲೈನಲ್ಲಿ ಮಲ್ಲಿಕಾ, ಅದರ ಹಿಂದೆಯೇ ನೀಲಂ ಹಣ್ಣಾಗುತ್ತವೆ.