ಸೇವಂತಿಗೆ ಒಯ್ಯುವ ಮುನ್ನ: ಪಾಶ್ಚಾತ್ಯರ ಮನೆಗೆ ಎಂಥ ಉಡುಗೊರೆ?

[ದೃಶ್ಯ: ಹೂವಿನಂಗಡಿಯ ಮುಂದೆ ಸಾಲಾಗಿ ಇಟ್ಟ ಸೇವಂತಿಗೆಯ ಕುಂಡಗಳು, ಹಳದಿ, ಬಿಳಿ, ನೇರಳೆ.]

ನಮಸ್ಕಾರ. ನವೆಂಬರ್ 1ರಂದು ನಾವು ತಾಯಿ ಭುವನೇಶ್ವರಿಯ ಭಾವಚಿತ್ರಕ್ಕೆ ಸೇವಂತಿಗೆಯ ಹಾರ ಹಾಕುವ ದಿನವೇ, ಫ್ರಾನ್ಸಿನ ಜನ ಅದೇ ಹೂವಿನ ಕುಂಡಗಳನ್ನು ಹಿಡಿದು ಸ್ಮಶಾನದ ಕಡೆಗೆ ಹೊರಟಿರುತ್ತಾರೆ. ಅಂದು ಅಲ್ಲಿ ‘ತೂಸ್ಸಾಂ’, ಅಂದರೆ ಸಕಲ ಸಂತರ ದಿನ. ಗತಿಸಿದ ಹಿರಿಯರ ಸಮಾಧಿಗಳನ್ನು ತೊಳೆದು, ಹೂವಿಟ್ಟು ಬರುವ ದಿನ. ನಮ್ಮ ಮಹಾಲಯ ಅಮಾವಾಸ್ಯೆಯನ್ನು ನೆನೆದರೆ ಅದರ ಭಾವ ತಿಳಿಯುತ್ತದೆ. ಹಗಲು ಕಿರಿದಾದಾಗ ಅರಳುವ, ಚಳಿಯನ್ನೂ ಒಂದಷ್ಟು ತಾಳಿಕೊಳ್ಳುವ ಹೂವಾದ್ದರಿಂದ ಆ ಕಾಲಕ್ಕೆ ಸೇವಂತಿಗೆಯೇ ಅಲ್ಲಿ ಹೇರಳ. ಹೀಗಾಗಿ ಅದು ಸಮಾಧಿಯ ಹೂವಾಗಿ ನೆಲೆ ನಿಂತಿತು.

ಪ್ಯಾರಿಸ್‌ನಲ್ಲಿ ಕೆಲಸಕ್ಕಿರುವ ಕನ್ನಡಿಗರೊಬ್ಬರು, ಊಟಕ್ಕೆ ಕರೆದ ಸಹೋದ್ಯೋಗಿಯ ಮನೆಗೆ ‘ನಮ್ಮೂರಿನ ಹೂ’ ಎಂಬ ಅಕ್ಕರೆಯಿಂದ ಸೇವಂತಿಗೆಯನ್ನು ಕೊಂಡೊಯ್ದರೆ, ಬಾಗಿಲು ತೆರೆದವರ ಮುಖದಲ್ಲಿ ಕ್ಷಣಕಾಲ ಗೊಂದಲ ಮೂಡುವುದು ಸಹಜ. ಇಟಲಿ, ಸ್ಪೇನ್, ಬೆಲ್ಜಿಯಂ, ಪೋಲೆಂಡ್‌ಗಳಲ್ಲಿಯೂ ಇದೇ ಮಾತು. ಆದರೆ ಅಟ್ಲಾಂಟಿಕ್ ದಾಟಿ ಅಮೆರಿಕಕ್ಕೆ ಹೋದರೆ, ಶರತ್ಕಾಲ ಬಂದೊಡನೆ ಮನೆಯ ಮೆಟ್ಟಿಲುಗಳ ಮೇಲೆ ಕುಂಬಳಕಾಯಿಯ ಜೊತೆಗೆ ಸೇವಂತಿಗೆಯ ಕುಂಡಗಳನ್ನು ಅಲಂಕಾರಕ್ಕೆ ಇಟ್ಟಿರುತ್ತಾರೆ. ಹೂ ಒಂದೇ, ಆ ಊರಿನವರು ಅದನ್ನು ಕಳೆದ ಸಲ ಎಲ್ಲಿಟ್ಟು ಬಂದರು ಎಂಬುದರ ಮೇಲೆ ಅದರ ಅರ್ಥ ನಿಂತಿದೆ.

[ದೃಶ್ಯ: ಮೇಜಿನ ಮೇಲೆ ಒಂದೊಂದಾಗಿ ಎಣಿಸಿಡುವ ಗುಲಾಬಿಗಳು.]

ಇನ್ನು ಎಣಿಕೆ. ಮದುವೆಯ ಮುಯ್ಯಿಯ ಲಕೋಟೆಗೆ ನೂರರ ಜೊತೆ ಮತ್ತೊಂದು ರೂಪಾಯಿ ಸೇರಿಸದೆ ಸಮಾಧಾನವಾಗದ ನಮಗೆ ಈ ನಿಯಮ ಬೇಗ ಅರ್ಥವಾದೀತು. ರಷ್ಯಾ, ಉಕ್ರೇನ್, ಪೋಲೆಂಡ್‌ಗಳಲ್ಲಿ ಬದುಕಿರುವವರಿಗೆ ಬೆಸಸಂಖ್ಯೆಯ ಹೂಗಳನ್ನೂ, ಅಂತ್ಯಸಂಸ್ಕಾರಕ್ಕೆ ಸಮಸಂಖ್ಯೆಯ ಹೂಗಳನ್ನೂ ಕೊಡುವುದು ವಾಡಿಕೆ. ಅಮೆರಿಕದ ಪ್ರೇಮಿ ಪ್ರೇಮಿಗಳ ದಿನಕ್ಕೆಂದು ಹೆಮ್ಮೆಯಿಂದ ಒಯ್ಯುವ ಒಂದು ಡಜನ್ ಕೆಂಪು ಗುಲಾಬಿ, ಮಾಸ್ಕೋದಲ್ಲಿ ಸಾವಿನ ಮನೆಯ ಲೆಕ್ಕವಾಗಿಬಿಡುತ್ತದೆ. ಎಣಿಸಲಾಗದಷ್ಟು ದೊಡ್ಡ ಹೂಗುಚ್ಛವಾದರೆ ಯಾರೂ ಲೆಕ್ಕ ಹಾಕುವುದಿಲ್ಲ. ಐದೋ ಏಳೋ ಹೂಗಳ ಸಣ್ಣ ಗುಚ್ಛದಲ್ಲಿಯೇ ಎಚ್ಚರ ಬೇಕು.

ಬಣ್ಣದ ಮಾತೂ ಹೀಗೆಯೇ. ರಷ್ಯನ್ನರಲ್ಲಿ ಹಳದಿ ಹೂ ಅಗಲಿಕೆಯ ಸೂಚನೆ ಎಂಬ ನಂಬಿಕೆಯಿದೆ. ಇಟಲಿಯಲ್ಲಾದರೋ 1946ರಿಂದ ಈಚೆಗೆ ಮಾರ್ಚ್ 8ರ ಮಹಿಳಾ ದಿನದಂದು ಹೆಂಗಸರಿಗೆ ಕೊಡುವುದೇ ಹಳದಿ ಮಿಮೋಸಾದ ಗೊಂಚಲು. ಕೆಂಪು ಗುಲಾಬಿ ಮಾತ್ರ ಪಾಶ್ಚಾತ್ಯ ಜಗತ್ತಿನ ಬಹುಪಾಲು ಕಡೆ ಪ್ರಣಯದ ಹೂವಾದ್ದರಿಂದ, ಮೇಲಧಿಕಾರಿಯ ಹೆಂಡತಿಗೆ ಅದನ್ನು ಕೊಡುವ ಸಾಹಸ ಬೇಡ. ಲಿಲ್ಲಿ ಹೂವಿನ ಬಗ್ಗೆ ಒಂದು ಮಾತು: ಬೆಕ್ಕು ಸಾಕಿರುವ ಮನೆಗೆ ಅದನ್ನು ಒಯ್ಯಲೇಬೇಡಿ. ಇದು ನಂಬಿಕೆಯ ವಿಷಯವಲ್ಲ. ಅದರ ಎಲೆ ಅಥವಾ ಪರಾಗ ಹೊಟ್ಟೆಗೆ ಹೋದರೆ ಬೆಕ್ಕಿನ ಮೂತ್ರಪಿಂಡ ಕೆಟ್ಟು ಅದು ಸಾಯಬಹುದು.

[ದೃಶ್ಯ: ಮುಚ್ಚಿದ ಬಾಗಿಲಿನ ಮುಂದೆ ಹೂಗುಚ್ಛ ಹಿಡಿದು ನಿಂತ ಅತಿಥಿ.]

ಜರ್ಮನಿಯ ಹಳೆಯ ಶಿಷ್ಟಾಚಾರವನ್ನು ಬಲ್ಲ ಅತಿಥಿಯನ್ನು ಬಾಗಿಲಿನ ಬಳಿ ಸ್ವಲ್ಪ ಗಮನಿಸಿ. ಗಂಟೆ ಒತ್ತುವ ಮುನ್ನವೇ ಅವರು ಹೂವಿಗೆ ಸುತ್ತಿದ ಕಾಗದವನ್ನು ಸದ್ದಾಗದಂತೆ ಬಿಚ್ಚಿ, ಮುದುರಿ, ಕೋಟಿನ ಜೇಬಿಗೆ ತುರುಕಿಕೊಳ್ಳುತ್ತಾರೆ. ಹೂವನ್ನು ಹೂವಾಗಿಯೇ ಕೊಡಬೇಕು, ಕಾಗದ ಬಿಚ್ಚುವ ಕೆಲಸವನ್ನು ಮನೆಯೊಡತಿಗೆ ಹಚ್ಚಬಾರದು ಎಂಬುದು ಇದರ ಹಿಂದಿನ ಎಣಿಕೆ. ಅದೇ ಜರ್ಮನಿಯಲ್ಲಿ ಹುಟ್ಟುಹಬ್ಬದ ಶುಭಾಶಯವನ್ನು ಒಂದು ದಿನ ಮುಂಚೆ ಹೇಳುವುದು ಅಪಶಕುನ. ‘ನಾಳೆ ರಜೆಯಲ್ಲಿರುತ್ತೇನೆ, ಇವತ್ತೇ ತೆಗೆದುಕೊಳ್ಳಿ’ ಎಂದು ಪ್ರೀತಿಯಿಂದ ಕೊಟ್ಟ ಪೊಟ್ಟಣವೂ ಅವರನ್ನು ಇಕ್ಕಟ್ಟಿಗೆ ಸಿಲುಕಿಸುತ್ತದೆ. ತಡವಾದರೂ ಚಿಂತೆಯಿಲ್ಲ, ಮುಂಚಿತವಾಗಿ ಬೇಡ.

ಚಾಕು ಕೊಟ್ಟರೆ ಸ್ನೇಹ ಕತ್ತರಿಸಿಹೋಗುತ್ತದೆ ಎಂಬ ನಂಬಿಕೆ ಬ್ರಿಟನ್ನಿನಿಂದ ಇಟಲಿಯವರೆಗೂ ಹಬ್ಬಿದೆ. ಅದಕ್ಕೆ ಅವರು ಕಂಡುಕೊಂಡ ಪರಿಹಾರ ನನಗೆ ಬಹಳ ಇಷ್ಟ. ಉಡುಗೊರೆ ಪಡೆದವರು ಕೊಟ್ಟವರ ಕೈಗೆ ಒಂದು ಚಿಲ್ಲರೆ ನಾಣ್ಯವನ್ನು ಇಡುತ್ತಾರೆ. ಅಲ್ಲಿಗೆ ಅದು ಉಡುಗೊರೆಯಾಗಿ ಉಳಿಯದೆ ವ್ಯಾಪಾರವಾಗುತ್ತದೆ, ದೋಷವೂ ಕಳೆಯುತ್ತದೆ. ಚಾಕುವಿನ ಪೆಟ್ಟಿಗೆಯೊಳಗೆ ತಾವೇ ಒಂದು ಪೆನ್ನಿಯನ್ನು ಅಂಟಿಸಿ ಕೊಡುವವರೂ ಇದ್ದಾರೆ: ಅದನ್ನು ಕಿತ್ತು ಮರಳಿಸಿದರೆ ಆಯಿತು. ಇದಕ್ಕೆ ತದ್ವಿರುದ್ಧವಾಗಿ, ಪರ್ಸು ಕೊಡುವಾಗ ಅದು ಎಂದೂ ಬರಿದಾಗದಿರಲಿ ಎಂದು ಒಳಗೊಂದು ನಾಣ್ಯ ಹಾಕಿ ಕೊಡುತ್ತಾರೆ. ಇಟಲಿಯಲ್ಲಿ ಕರವಸ್ತ್ರ ಕೊಟ್ಟರೆ ಕಣ್ಣೀರು ಕೊಟ್ಟಂತೆ ಎನ್ನುವವರಿದ್ದಾರೆ.

ಬಾಟಲಿಯ ವಿಷಯಕ್ಕೆ ಬರೋಣ. ಬ್ರಿಟನ್, ಅಮೆರಿಕಗಳಲ್ಲಿ ಊಟಕ್ಕೆ ಹೋಗುವವರು ವೈನ್ ಒಯ್ಯುವುದು ಸಾಮಾನ್ಯ. ಫ್ರಾನ್ಸಿನಲ್ಲಿ ಗೆಳೆಯರ ನಡುವೆ ಇದು ನಡೆಯುತ್ತದೆಯಾದರೂ, ಔಪಚಾರಿಕ ಔತಣದಲ್ಲಿ ಅಡುಗೆಗೆ ತಕ್ಕ ವೈನನ್ನು ಮನೆಯವರು ಮೊದಲೇ ಆರಿಸಿಟ್ಟಿರುವುದರಿಂದ, ನೀವು ತಂದ ಬಾಟಲಿ ಅವರ ಆಯ್ಕೆಯನ್ನೇ ಶಂಕಿಸಿದಂತೆ ಕಾಣಬಹುದು. ಒಯ್ದರೂ ಅಂದೇ ಅದನ್ನು ತೆರೆಯಲಿ ಎಂದು ನಿರೀಕ್ಷಿಸಬಾರದು. ಒಳ್ಳೆಯ ಚಾಕೊಲೇಟು ಕ್ಷೇಮ.

[ದೃಶ್ಯ: ಬಣ್ಣದ ಕಾಗದ ಬಿಚ್ಚುತ್ತಿರುವ ಕೈಗಳು.]

ನಮ್ಮವರು ಹೆಚ್ಚು ತಡವರಿಸುವುದು ಇಲ್ಲಿ. ಕೊಟ್ಟವರ ಎದುರಿಗೆ ಉಡುಗೊರೆ ಬಿಚ್ಚುವುದು ಆಸೆಬುರುಕತನವೆಂದು ನಾವು ಅದನ್ನು ಪಕ್ಕಕ್ಕಿಟ್ಟು, ನೆಂಟರೆಲ್ಲ ಹೋದ ಮೇಲೆ ನೋಡುತ್ತೇವೆ. ಅಮೆರಿಕದಲ್ಲಿಯೂ ಯೂರೋಪಿನ ಬಹುತೇಕ ಕಡೆಗಳಲ್ಲಿಯೂ ಹುಟ್ಟುಹಬ್ಬದ ಪೊಟ್ಟಣವನ್ನು ಅಲ್ಲೇ ಬಿಚ್ಚಿ ಸಂತೋಷ ತೋರಿಸುವುದೇ ಮರ್ಯಾದೆ. ಪಕ್ಕಕ್ಕಿಟ್ಟರೆ ಅಸಡ್ಡೆ ಎಂದುಕೊಂಡಾರು. ಮದುವೆಯ ಉಡುಗೊರೆಗಳು ಇದಕ್ಕೆ ಹೊರತು. ಮದುವೆಗೆ ಅಮೆರಿಕನ್ನರು ಬೇರೆಯದೇ ದಾರಿ ಹಿಡಿದರು. 1924ರಲ್ಲಿ ಷಿಕಾಗೊದ ಮಾರ್ಷಲ್ ಫೀಲ್ಡ್ಸ್ ಮಳಿಗೆಯು ವಧೂವರರು ತಮಗೆ ಬೇಕಾದ ವಸ್ತುಗಳನ್ನು ಮೊದಲೇ ಪಟ್ಟಿ ಮಾಡಿಸುವ ಏರ್ಪಾಡು ತಂದಿತು. ‘ಆಶೀರ್ವಾದವೇ ಉಡುಗೊರೆ’ ಎಂದು ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸಿಯೂ ನಾಲ್ಕಾರು ಗೋಡೆ ಗಡಿಯಾರಗಳನ್ನು ಮನೆಗೆ ತರುವ ನಮಗೆ ಈ ಪಟ್ಟಿ ಒರಟೆನಿಸಬಹುದು. ಉಪಯೋಗದ ದೃಷ್ಟಿಯಿಂದ ಅವರದೇ ಜಾಣತನವೆಂದು ನನ್ನ ಅನಿಸಿಕೆ.

ಕಚೇರಿಯ ಉಡುಗೊರೆಗೆ ಕಾನೂನಿನ ಗೆರೆಯೂ ಇದೆ. ಅಮೆರಿಕದ ಕೇಂದ್ರ ಸರ್ಕಾರದ ನೌಕರರು ತಮ್ಮ ಕೆಲಸದೊಡನೆ ಸಂಬಂಧವುಳ್ಳ ಹೊರಗಿನವರಿಂದ ಸಾಮಾನ್ಯವಾಗಿ ಒಂದು ಸಲಕ್ಕೆ 20 ಡಾಲರಿಗಿಂತಲೂ, ಒಬ್ಬರಿಂದಲೇ ವರ್ಷಕ್ಕೆ 50 ಡಾಲರಿಗಿಂತಲೂ ಹೆಚ್ಚಿನದನ್ನು ಸ್ವೀಕರಿಸುವಂತಿಲ್ಲ, ನಗದಂತೂ ಸಲ್ಲದು. ಬೆಂಗಳೂರಿನಿಂದ ದೀಪಾವಳಿಗೆ ಬೆಳ್ಳಿಯ ದೀಪ ಕಳುಹಿಸುವವರು ಮೊದಲು ಇದನ್ನು ವಿಚಾರಿಸಿಕೊಳ್ಳಲಿ.

[ದೃಶ್ಯ: ಹಿಮ ಬಿದ್ದ ಬೀದಿಯಲ್ಲಿ ಎದುರಾಗುವ ಇಬ್ಬರು.]

ಕೊನೆಗೆ ಸ್ವೀಡನ್. ಅಲ್ಲಿ ಊಟಕ್ಕೆ ಕರೆದವರ ಮನೆಗೆ ಚಿಕ್ಕದೊಂದು ಉಡುಗೊರೆ ಒಯ್ದು, ಪಾದರಕ್ಷೆಯನ್ನು ನಮ್ಮಂತೆಯೇ ಬಾಗಿಲಲ್ಲಿ ಬಿಟ್ಟು, ಉಂಡು, ಕೃತಜ್ಞತೆ ಹೇಳಿ ಬಂದರೂ ಲೆಕ್ಕ ಮುಗಿದಿರುವುದಿಲ್ಲ. ಮುಂದೆ ಅವರು ಬೀದಿಯಲ್ಲಿಯೋ ಕಚೇರಿಯಲ್ಲಿಯೋ ಎದುರಾದಾಗ ಕುಶಲ ಕೇಳುವ ಮೊದಲೇ ‘ತಾಕ್ ಫೋರ್ ಸೆನಾಸ್ಟ್’ ಎನ್ನಬೇಕು. ಕಳೆದ ಸಲದ್ದಕ್ಕೆ ಧನ್ಯವಾದ ಎಂದು ಅದರ ಅರ್ಥ.